ಐದೇ ಜನ ಇದ್ದರೆ ಕೋಲಾಟ ನಡೆಸೋದು ಹೇಗೆ?

ತೆಂಗಿನಸೀಮೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು. ನಮ್ಮ ಬೀದಿಯ ಕೆಲವು ಹೆಂಗಸರು ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಮೊದಲು ಬರೀ ಭಜನೆ ಇತ್ತು. ಈಗ ಕೋಲಾಟವೋ, ಸುತ್ತು ಕುಣಿತವೋ, ಏನಾದರೂ ಮಾಡೋಣ ಅಂತ ಎಲ್ಲರಿಗೂ ಆಸೆ ಬಂದಿದೆ. ನಾನು ಹೈಸ್ಕೂಲಿನಲ್ಲಿ ಕೋಲಾಟದ ತಂಡದಲ್ಲಿದ್ದೆ ಅನ್ನೋದು ಅವರಿಗೆ ಗೊತ್ತು. ಹಾಗಾಗಿ ನೀವೇ ಹೇಳಿಕೊಡಿ ಅಂತ ನನಗೆ ಒಪ್ಪಿಸಿದ್ದಾರೆ.

ತೊಂದರೆ ಏನಂದರೆ ನಾವಿರೋದು ಐದು ಜನ. ಕೆಲವು ವಾರ ನಾಲ್ಕೇ ಜನ ಬರುತ್ತಾರೆ. ಯಾರ ಮನೆಗಾದರೂ ಮಗಳು ಬಂದಿದ್ದರೆ ಆರಾಗುತ್ತೇವೆ. ನನಗೆ ಬರುವ ಮಟ್ಟುಗಳೆಲ್ಲ, ಅಂದರೆ ಕೋಲು ಹೊಡೆದು ಕುಣಿಯುವ ಕ್ರಮಗಳೆಲ್ಲ, ಹದಿನಾರು ಜನಕ್ಕೆ ಅಂತ ಕಲಿಸಿದ್ದು. ಒಳಸುತ್ತಿನಲ್ಲಿ ಎಂಟು, ಹೊರಸುತ್ತಿನಲ್ಲಿ ಎಂಟು, ಎದುರುಬದುರು ಬಂದು ಕೋಲು ತಾಗಿಸಿ ಮುಂದಿನವರ ಹತ್ತಿರ ದಾಟಿ ಹೋಗೋದು. ಐದು ಜನರಲ್ಲಿ ಅದನ್ನು ಮಾಡಿಸಿದರೆ ಒಬ್ಬರಿಗೆ ಜೋಡಿಯೇ ಇರುವುದಿಲ್ಲ, ಅವರು ಕೋಲು ಹಿಡಿದು ಗಾಳಿಗೆ ಬೀಸುತ್ತಾ ನಿಂತಿರಬೇಕು. ನೋಡೋಕೆ ಬೇಜಾರಾಗುತ್ತದೆ.

ಇನ್ನೂ ಒಂದಿಷ್ಟು ಪ್ರಶ್ನೆ ಇವೆ. ನಾನು ಜೊತೆಗೆ ಕುಣಿಯುತ್ತಲೇ ಹೇಳಿಕೊಡಬೇಕಾ, ಇಲ್ಲ ಹೊರಗೆ ನಿಂತು ಹೇಳಿಕೊಡಬೇಕಾ? ಹೊರಗೆ ನಿಂತರೆ ಕುಣಿಯೋರು ನಾಲ್ಕೇ ಜನ. ಮೊಬೈಲಿನಲ್ಲಿ ಸಿಗುವ ಕೋಲಾಟದ ಹಾಡುಗಳೆಲ್ಲ ವೇಗ ಜಾಸ್ತಿ. ನಮ್ಮಲ್ಲಿ ಒಬ್ಬರಿಗೆ ಎಪ್ಪತ್ತು ದಾಟಿದೆ, ಇನ್ನೊಬ್ಬರಿಗೆ ಮಂಡಿ ಆಪರೇಷನ್ ಆಗಿದೆ. ಜಾಗ ಅಂದರೆ ಹಾಲ್, ಸೋಫಾ ಸರಿಸಿದರೆ ಹತ್ತಡಿ ಹನ್ನೆರಡಡಿ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ ಅಂದರೆ ನಾಚಿಕೆ. ಇಪ್ಪತ್ತು ಜನರ ನಡುವೆ ಒಬ್ಬರ ಹೆಜ್ಜೆ ತಪ್ಪಿದರೆ ಯಾರ ಕಣ್ಣಿಗೂ ಬೀಳಲ್ಲ. ಐದು ಜನರಲ್ಲಿ ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಇಬ್ಬರು "ನಾವು ಕೂತು ನೋಡ್ತೀವಿ" ಅನ್ನೋಕೆ ಶುರು ಮಾಡಿದ್ದಾರೆ.

ವೇದಿಕೆ ಹತ್ತುವ ಆಸೆ ನಮಗಿಲ್ಲ. ನಮ್ಮ ಖುಷಿಗೆ ಕುಣಿಯಬೇಕು, ಅಷ್ಟೇ. ಸಣ್ಣ ಗುಂಪು ನಡೆಸಿ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕೋಲುಪದ:

ಅಕ್ಕ, ನಾನು ನಾಗಮಂಗಲ ಕಡೆಯವನು, ನಮ್ಮೂರ ಮೇಳದಲ್ಲಿ ಕೋಲು ಹಿಡಿದು ಬೆಳೆದವನು. ಹದಿನಾರು ಜನರ ಮಟ್ಟನ್ನು ಐದು ಜನಕ್ಕೆ ಇಳಿಸೋಕೆ ಹೋಗಲೇಬೇಡಿ. ಮೊದಲು ಜೋಡಿ ಅನ್ನೋದನ್ನೇ ಬಿಟ್ಟುಬಿಡಿ. ಜೋಡಿ ಬೇಡದ ಮಟ್ಟಿನಿಂದ ಶುರು ಮಾಡಿದರೆ ಬೆಸಸಂಖ್ಯೆಯ ತಾಪತ್ರಯ ಅಲ್ಲಿಗೇ ಮುಗಿಯುತ್ತದೆ.

ಎಲ್ಲರೂ ಒಳಮುಖವಾಗಿ ಸುತ್ತ ನಿಲ್ಲಿ, ಎರಡು ಕೈಗೂ ಕೋಲು. ಒಂದನೇ ಎಣಿಕೆಗೆ ನಿಮ್ಮ ಎರಡು ಕೋಲನ್ನು ಎದೆಯ ಮುಂದೆ ತಾಗಿಸಿ. ಎರಡನೆಯದಕ್ಕೆ ಎರಡೂ ಕೈ ಪಕ್ಕಕ್ಕೆ ಚಾಚಿ. ನಿಮ್ಮ ಬಲಗೈ ಕೋಲು ಬಲಪಕ್ಕದವರ ಎಡಗೈ ಕೋಲಿಗೆ ತಾಗುತ್ತದೆ, ಎಡಗೈ ಕೋಲು ಎಡಪಕ್ಕದವರ ಬಲಗೈ ಕೋಲಿಗೆ ತಾಗುತ್ತದೆ, ಎರಡೂ ಒಂದೇ ಸಲ. ಮೂರಕ್ಕೆ ಮತ್ತೆ ನಿಮ್ಮದು, ನಾಲ್ಕಕ್ಕೆ ಮತ್ತೆ ಪಕ್ಕದವರದು. ಮೂರು ಜನ ಇದ್ದರೂ ನಡೆಯುತ್ತದೆ, ಏಳು ಜನ ಇದ್ದರೂ ನಡೆಯುತ್ತದೆ. ಯಾರೂ ಒಂಟಿ ಆಗುವುದಿಲ್ಲ. ಐದು ಜನಕ್ಕೆ ಹತ್ತಡಿ ಅಗಲ ಇದ್ದರೆ ಸಾಕು, ನಿಮ್ಮ ಹಾಲ್ ಧಾರಾಳ ಆಯಿತು.

ಕೈ ಕೂತ ಮೇಲೆ ಕಾಲಿಗೆ ಬನ್ನಿ. ಎರಡನ್ನೂ ಒಟ್ಟಿಗೆ ಕಲಿಸಬೇಡಿ. ಒಂದಕ್ಕೆ ಬಲಗಾಲು ಬಲಕ್ಕೆ, ಎರಡಕ್ಕೆ ಎಡಗಾಲು ಅದರ ಜೊತೆಗೆ. ಹೀಗೆ ಮಾಡಿದರೆ ಸುತ್ತು ತಾನಾಗೇ ಬಲಕ್ಕೆ ಜರುಗುತ್ತದೆ, ಎಲ್ಲರೂ ಒಂದೇ ಅಳತೆಗೆ ಜರುಗೋದರಿಂದ ಪಕ್ಕದವರ ಕೋಲು ಕೈಗೆ ಸಿಕ್ಕೇ ಸಿಗುತ್ತದೆ. ಎಂಟು ಎಣಿಕೆ ಬಲಕ್ಕೆ, ಎಂಟು ಎಣಿಕೆ ಎಡಕ್ಕೆ. ಆಮೇಲೆ ನಾಲ್ಕು ಹೆಜ್ಜೆ ಒಳಗೆ ಹೋಗಿ, ನಾಲ್ಕನೇ ಹೆಜ್ಜೆಗೆ ಎಲ್ಲರ ಬಲಗೈ ಕೋಲೂ ನಡುವೆ ಒಂದೇ ಕಡೆ ಸೇರಿ ಟಕ್ ಅನ್ನಬೇಕು. ಮತ್ತೆ ನಾಲ್ಕು ಹೆಜ್ಜೆ ಹಿಂದಕ್ಕೆ. ಈ ಒಂದು ಏಟು ಹದಿನಾರು ಜನರ ಕೈಯಲ್ಲಿ ಆಗುವುದಿಲ್ಲ, ಕೋಲು ನಡುವಿನ ತನಕ ಮುಟ್ಟೋದೇ ಇಲ್ಲ. ಐದು ಜನಕ್ಕೆ ಮಾತ್ರ ಒಲಿಯುವ ಮಟ್ಟು ಇದು. ನಿಮ್ಮವರಿಗೆ ಇದರ ರುಚಿ ಹತ್ತಿತು ಅಂದರೆ ಕೂತು ನೋಡ್ತೀವಿ ಅನ್ನೋರೂ ಎದ್ದು ಬರುತ್ತಾರೆ.

ಜೋಡಿ ಮಟ್ಟು ಬೇಕೇ ಬೇಕು ಅಂದಾಗ ಒಬ್ಬರನ್ನು ನಡುವೆ ನಿಲ್ಲಿಸಿ. ನಡುವೆ ನಿಂತವರು ಸುಮ್ನೆ ನಿಲ್ಲೋದಲ್ಲ, ತಾಳ ಹಿಡಿದು ಸೊಲ್ಲೆತ್ತೋದು ಅವರ ಕೆಲಸ. ನಮ್ಮ ಕಡೆ ದೊಡ್ಡ ಮೇಳದಲ್ಲೂ ಪದ ಹೇಳುವವರು ಕೋಲು ಹಿಡಿಯದೆ ನಡುವೆ ನಿಂತಿರೋದುಂಟು, ಅದಕ್ಕೊಂದು ಗೌರವ ಇದೆ. ಉಳಿದ ನಾಲ್ವರು ಎರಡು ಜೋಡಿ. ಒಮ್ಮೆ ಒಂದು ಪಕ್ಕದವರ ಜೊತೆ ನಾಲ್ಕು ಏಟು, ಆಮೇಲೆ ಅಲ್ಲೇ ತಿರುಗಿ ಇನ್ನೊಂದು ಪಕ್ಕದವರ ಜೊತೆ ನಾಲ್ಕು ಏಟು. ನಾಲ್ಕು ಜನರಲ್ಲಿ ದಾಟಿ ಹೋಗುವ ಕೆಲಸವೇ ಇಲ್ಲ, ತಿರುಗಿದರೆ ಸಾಕು. ಪದ ಮುಗಿದಾಗ ನಡುವಿನವರು ಬದಲಾಗಲಿ.

ನಡೆಸೋದು ಸುತ್ತಿನ ಒಳಗಿಂದಲೇ. ನೀವು ಹೊರಗೆ ನಿಂತ ತಕ್ಷಣ ಅದು ಪಾಠ ಆಗುತ್ತದೆ, ಅವರೆಲ್ಲ ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾರೆ. ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ. ಮಟ್ಟು ಬದಲಾಗೋಕೆ ಎರಡು ಎಣಿಕೆ ಇರುವಾಗಲೇ "ಒಳಗೆ", "ತಿರುಗಿ" ಅಂತ ಕೂಗಿ. ಬದಲಾಗುವ ಎಣಿಕೆಗೇ ಕೂಗಿದರೆ ಅವರು ಕೇಳಿಸಿಕೊಂಡು ಕಾಲೆತ್ತುವ ಹೊತ್ತಿಗೆ ಆ ಎಣಿಕೆ ಹೋಗಿರುತ್ತದೆ.

ಗರಡಿಬೀದಿ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೋಲಾಟದ ಜೀವ ಇರೋದೇ ಆ ಸದ್ದಿನಲ್ಲಿ. ಹದಿನಾರು ಜನ ಮೂವತ್ತೆರಡು ಕೋಲನ್ನು ಒಂದೇ ಏಟಿಗೆ ತಾಗಿಸಿದಾಗ ಬೀದಿಯ ಕೊನೆಯ ತನಕ ಕೇಳುತ್ತದೆ. ಜಡೆ ಕೋಲಾಟದಲ್ಲಿ ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು, ಅರ್ಧ ಜನ ಒಂದು ಕಡೆ ಅರ್ಧ ಜನ ಇನ್ನೊಂದು ಕಡೆ ಸುತ್ತುತ್ತಾ ಜಡೆ ಹೆಣೆದು, ಮತ್ತೆ ಹಾಗೇ ಹಿಂದಕ್ಕೆ ಸುತ್ತಿ ಬಿಚ್ಚುತ್ತಾರಲ್ಲ, ಅದನ್ನು ನೋಡಿದವರಿಗೆ ಐದು ಜನರ ಕೋಲಾಟ ಸಪ್ಪೆ ಅನಿಸುತ್ತದೆ. ಪಕ್ಕದ ಬೀದಿಯವರನ್ನೂ ಸೇರಿಸಿಕೊಂಡು ಎಂಟು ಜನ ಆದ ಮೇಲೆ ಶುರು ಮಾಡಿ ಅನ್ನೋದು ನನ್ನ ಸಲಹೆ.

ಕೋಲುಪದ:

ಗರಡಿಬೀದಿ ಅಣ್ಣ, ಸದ್ದಿನ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಎಂಟು ಜನ ಆಗಲಿ ಅಂತ ಕಾದು ಕಾದು ನಿಂತೇಹೋದ ಮೇಳಗಳು ನಮ್ಮ ಕಡೆ ಬೇಕಾದಷ್ಟಿವೆ. ಹುಡುಗರೆಲ್ಲ ಬೆಂಗಳೂರು ಸೇರಿದ ಮೇಲೆ ಊರಲ್ಲಿ ಉಳಿದವರು ನಾಲ್ಕೈದು ಜನ. ಆ ನಾಲ್ಕೈದು ಜನ ಕೋಲು ಕೆಳಗಿಡದೆ ಹೋದರೆ ಮಾತ್ರ ಹಬ್ಬಕ್ಕೆ ಬಂದ ಹುಡುಗರು ಬಂದು ಸೇರಿಕೊಳ್ಳೋಕೆ ಏನಾದರೂ ಇರುತ್ತದೆ. ಅಕ್ಕನವರು ಐದು ಜನರಲ್ಲಿ ಶುರು ಮಾಡಲಿ, ಎಂಟು ಆದಾಗ ಆಗಲಿ.

ಚುಕ್ಕಿರಂಗೋಲಿ:

ನಾನು ಮಲೆನಾಡಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದರಿಂದ ಐದನೇ ತರಗತಿವರೆಗೆ ಸೇರಿ ಏಳು ಮಕ್ಕಳು. ಸಣ್ಣ ಗುಂಪು ಅಂದರೆ ನನಗೆ ದಿನನಿತ್ಯದ ವಿಷಯ, ಅದಕ್ಕೆ ಬರೀತಿದ್ದೀನಿ.

ಎಲ್ಲರಿಗೂ ಒಂದೇ ಕೆಲಸ ಕೊಡಬೇಡಿ. ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಒಬ್ಬೊಬ್ಬರು ತಾವಿರುವ ಮೆಟ್ಟಿಲಿನಿಂದ ಮುಂದೆ ಹೋಗೋದೇ ಅದರ ದಾರಿ. ಕುಣಿತಕ್ಕೂ ಅದನ್ನೇ ತಂದಿದ್ದೀನಿ. ನಮ್ಮಲ್ಲಿ ಐದನೇ ಕ್ಲಾಸಿನವರು ಕೋಲು ಹೊಡೆದು ತಿರುಗುತ್ತಾರೆ, ಎರಡನೇ ಕ್ಲಾಸಿನವರು ಕೋಲು ಹೊಡೀತಾರೆ ಆದರೆ ತಿರುಗಲ್ಲ, ಒಂದನೇ ಕ್ಲಾಸಿನ ಪುಟ್ಟಿ ಬರೀ ಚಪ್ಪಾಳೆ. ತಾಳ ಒಂದೇ, ಸುತ್ತು ಒಂದೇ. ಹೊರಗಿಂದ ನೋಡಿದರೆ ಅದು ಹಾಗೇ ಜೋಡಿಸಿದ ಕುಣಿತ ಅನ್ನಿಸುತ್ತದೆ.

ಇನ್ನೊಂದು, ಮೊದಲು ಕೂತು ಕಲಿಸಿ. ಸುತ್ತ ಕೂತು ಕೋಲಿನಿಂದ ಒಂದಕ್ಕೆ ನೆಲ, ಎರಡಕ್ಕೆ ತಮ್ಮದೇ ಕೋಲು, ಮೂರಕ್ಕೆ ಪಕ್ಕದವರದು, ನಾಲ್ಕಕ್ಕೆ ಮತ್ತೆ ತಮ್ಮದು. ಕಾಲಿನ ಚಿಂತೆ ಇಲ್ಲದೆ ಕೈಗೆ ತಾಳ ಕೂರುತ್ತದೆ. ನೆಲದ ಮೇಲೆ ಕೂರೋಕೆ ಆಗದವರು ಕುರ್ಚಿ ಹಾಕಿಕೊಳ್ಳಲಿ, ನೆಲದ ಬದಲು ತೊಡೆ ತಟ್ಟಿಕೊಳ್ಳಲಿ. ಶುರುವಿನಲ್ಲಿ ನಾನು ಮರದ ಕೋಲು ಕೊಡೋದೇ ಇಲ್ಲ. ಹಳೇ ನ್ಯೂಸ್‌ಪೇಪರನ್ನು ಬಿಗಿಯಾಗಿ ಸುರುಳಿ ಸುತ್ತಿ ಎರಡೂ ತುದಿಗೆ ದಾರ ಕಟ್ಟಿ ಕೊಡ್ತೀನಿ. ಬೆರಳಿಗೆ ಏಟು ಬಿದ್ದರೂ ನೋವಾಗಲ್ಲ, ಹಾಗಾಗಿ ಯಾರೂ ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳಲ್ಲ. ಕೋಲಾಟದಲ್ಲಿ ತಾಳ ತಪ್ಪೋದು ಬಹಳ ಸಲ ಈ ಹೆದರಿಕೆಯಿಂದಲೇ. ದೊಡ್ಡವರಿಗೂ ಅದೇ ಅಲ್ವಾ?

ನಾಚಿಕೆಗೆ ನನ್ನ ಹತ್ತಿರ ಇರುವ ಔಷಧಿ ನಡಿಗೆ. ಮೊದಲ ಹತ್ತು ನಿಮಿಷ ಕುಣಿತ ಅನ್ನೋ ಮಾತೇ ಎತ್ತಬೇಡಿ. ಹಾಡು ಹೇಳುತ್ತಾ ಒಬ್ಬರ ಹಿಂದೆ ಒಬ್ಬರು ಸುಮ್ನೆ ನಡೆಯಿರಿ, ಹಾಲ್ ಸುತ್ತ, ಅಡುಗೆಮನೆ ಬಾಗಿಲ ತನಕ ಹೋಗಿ ವಾಪಸ್. ನಡೆಯೋಕೆ ಯಾರಿಗೂ ನಾಚಿಕೆ ಇರಲ್ಲ. ತಾಳಕ್ಕೆ ನಡೆಯೋಕೆ ಬಂದ ಮೇಲೆ ಮೂರು ಹೆಜ್ಜೆ ಇಟ್ಟು ನಾಲ್ಕಕ್ಕೆ ಕಾಲಿನ ತುದಿ ತಾಗಿಸಿ ಅನ್ನಿ. ಅದಾದರೆ ಕುಣಿತ ಶುರುವಾಗಿದೆ ಅಂತಲೇ ಅರ್ಥ.

ಮೈನ್‌ದಡ:

ನಾನು ಜರ್ಮನಿಯಲ್ಲಿ, ಫ್ರಾಂಕ್‌ಫರ್ಟ್ ಹತ್ತಿರ ಇದ್ದೀನಿ. ಇಲ್ಲಿ ನಮ್ಮ ಊರಿನ ಒಂದು ಸಣ್ಣ ಗುಂಪು ವಾರಕ್ಕೊಮ್ಮೆ ಸೇರಿ ಬೇರೆ ಬೇರೆ ದೇಶದ ಸುತ್ತು ಕುಣಿತ ಮಾಡುತ್ತದೆ, ನಾನೂ ಹೋಗ್ತೀನಿ. ಚಳಿಗಾಲದಲ್ಲಿ ಕೆಲವೊಮ್ಮೆ ನಾಲ್ಕೇ ಜನ ಬರುತ್ತಾರೆ. ಆದರೂ ನಡೆಸುವ ಅಮ್ಮ ಒಂದು ವಾರವೂ ಬೇಡ ಅಂದಿಲ್ಲ.

ಅವರು ಆರಿಸೋದು ಜೋಡಿ ಬೇಡದ ಕುಣಿತಗಳನ್ನೇ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಆನ್ ದ್ರೋ ಅಂತ ಒಂದಿದೆ. ಎಲ್ಲರೂ ಪಕ್ಕದವರ ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿ ನಿಲ್ಲೋದು, ಎಡಕ್ಕೆ ಚುಟುಕಾದ ಮೂರು ಹೆಜ್ಜೆ, ಮತ್ತೆ ಅಲ್ಲಲ್ಲೇ ಮೂರು ಹೆಜ್ಜೆ, ಜೊತೆಗೆ ಕೈ ಮೇಲೆ ಕೆಳಗೆ ಸುತ್ತುತ್ತಿರುತ್ತದೆ. ಇಡೀ ಕುಣಿತ ಇಷ್ಟೇ, ಇದನ್ನೇ ಹತ್ತು ನಿಮಿಷ ಮಾಡಿದರೂ ಬೇಜಾರಾಗಲ್ಲ. ಗ್ರೀಸ್, ಬಲ್ಗೇರಿಯಾ ಕಡೆಯ ಎಷ್ಟೋ ಕುಣಿತಗಳಲ್ಲಿ ಸುತ್ತು ಮುಚ್ಚಿರೋದೇ ಇಲ್ಲ. ಕೈ ಹಿಡಿದ ಸಾಲು, ಬಲತುದಿಯಲ್ಲಿ ನಡೆಸುವವರು, ಅವರು ಹೋದ ಕಡೆ ಉಳಿದವರು. ನಡೆಸುವವರ ಒಂದು ಕೈ ಬಿಡುವಾಗಿ ಇರುತ್ತದೆ, ಸನ್ನೆ ಮಾಡೋಕೆ ಅನುಕೂಲ. ಮಧ್ಯದಲ್ಲಿ ಯಾರಾದರೂ ಬಂದರೆ ಬಾಲಕ್ಕೆ ಸೇರಿಕೊಳ್ಳಬಹುದು, ಸುಸ್ತಾದವರು ಬಿಟ್ಟು ಕೂರಬಹುದು, ಕುಣಿತ ನಿಲ್ಲೋದೇ ಇಲ್ಲ.

ತೆಂಗಿನಸೀಮೆ ಅಕ್ಕನಿಗೆ ಇದರಲ್ಲಿ ಬೇಕಾಗೋದು ಎರಡು ವಿಷಯ ಅನಿಸುತ್ತದೆ. ಒಂದು, ಕೈ ಹಿಡಿಯೋದು. ಕೋಲು ಎತ್ತಿಕೊಳ್ಳುವ ಮೊದಲು ಕೈ ಹಿಡಿದು ಒಂದು ಸುತ್ತು ಬನ್ನಿ. ಪಕ್ಕದವರು ಯಾವ ಕಡೆ ತೂಗುತ್ತಿದ್ದಾರೆ ಅನ್ನೋದು ಕೈಗೆ ಗೊತ್ತಾಗುತ್ತದೆ, ಕಣ್ಣಿಗೆ ಬೀಳುವ ಮೊದಲೇ. ಬಲ ಎಡ ಅಂತ ಕೂಗುವ ಕೆಲಸ ಅರ್ಧ ಕಡಿಮೆ ಆಗುತ್ತದೆ. ಎರಡು, ಒಂದೇ ಕುಣಿತವನ್ನು ಬಹಳ ಹೊತ್ತು ಮಾಡೋದು. ಇಲ್ಲಿ ಯಾರೂ ಒಂದು ಸಂಜೆಗೆ ಹತ್ತು ಮಟ್ಟು ಕಲಿಸಲ್ಲ. ಗುಂಪು ಸಣ್ಣದಾದಷ್ಟೂ ಹೊಸದನ್ನು ಕಡಿಮೆ ಮಾಡಿ, ಇರೋದನ್ನೇ ಜಾಸ್ತಿ ಹೊತ್ತು ಕುಣಿಯಿರಿ.

ತೆಂಗಿನಸೀಮೆ:

ಇಷ್ಟು ಬೇಗ ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಕೋಲುಪದ ತಮ್ಮ, ಪಕ್ಕಕ್ಕೆ ತಾಗಿಸುವ ಮಟ್ಟನ್ನು ನಿನ್ನೆ ಸಂಜೆ ನಾನು, ನಮ್ಮ ಸೊಸೆ, ಮೊಮ್ಮಗಳು ಮೂರೇ ಜನ ನಿಂತು ಮಾಡಿ ನೋಡಿದೆವು. ನೀವು ಹೇಳಿದ ಹಾಗೇ ಕೂತಿತು!

ಹಾಡಿನ ವಿಷಯ ಯಾರಾದರೂ ಹೇಳುತ್ತೀರಾ? ನಾವೇ ಹಾಡಬೇಕು ಅಂದರೆ ಯಾವ ಥರದ ಹಾಡು? ಐದು ಜನ ಕುಣಿಯುತ್ತಾ ಹಾಡಿದರೆ ಉಸಿರು ಸಾಲುತ್ತದಾ? ಮಂಡಿ ಆಪರೇಷನ್ ಆದವರನ್ನು ಸುತ್ತಿನೊಳಗೆ ನಿಲ್ಲಿಸಬಹುದಾ ಅನ್ನೋದೂ ಗೊತ್ತಾಗಬೇಕು. ಅವರಿಗೇ ಎಲ್ಲರಿಗಿಂತ ಆಸೆ ಜಾಸ್ತಿ.

ನಂದಾದೀಪ:

ಅಕ್ಕ, ನಾವು ಪುತ್ತೂರು ಕಡೆಯವರು. ನಿಮ್ಮದು ಭಜನೆಗೆ ಸೇರಿದ ಗುಂಪು ಅಂದಿರಿ. ಹಾಗಾದರೆ ಹೊಸ ಹಾಡು ಹುಡುಕಿಕೊಂಡು ಯಾಕೆ ಹೋಗ್ತೀರಿ? ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಕುಣಿತ ಭಜನೆ ಅಂತ ಊರೂರಲ್ಲೂ ತಂಡಗಳಿವೆ. ಕೈಯಲ್ಲಿ ತಾಳ ಹಿಡಿದು, ಒಬ್ಬರು ಒಂದು ಸಾಲು ಹೇಳೋದು, ಉಳಿದವರು ಅದನ್ನೇ ತಿರುಗಿ ಹೇಳುತ್ತಾ ಹೆಜ್ಜೆ ಹಾಕೋದು. ಮಕ್ಕಳು, ಹೆಂಗಸರು, ಗಂಡಸರು ಎಲ್ಲರೂ ಮಾಡ್ತಾರೆ. ನಿಮಗೆ ಬಾಯಿಪಾಠ ಬರುವ ದೇವರನಾಮಗಳನ್ನೇ ತೆಗೆದುಕೊಳ್ಳಿ. ಸಾಹಿತ್ಯದ ಚಿಂತೆ ಇಲ್ಲ ಅಂದರೆ ಗಮನವೆಲ್ಲ ಕಾಲಿನ ಮೇಲೆ ಇರುತ್ತದೆ.

ಉಸಿರಿನ ಬಗ್ಗೆ ಕೇಳಿದಿರಲ್ಲ, ಒಬ್ಬರು ಹೇಳಿ ಉಳಿದವರು ತಿರುಗಿ ಹೇಳುವ ಕ್ರಮ ಇದಕ್ಕೇ ಅನುಕೂಲ. ಯಾರೂ ಎರಡು ಸಾಲು ಒಟ್ಟಿಗೆ ಹಾಡಬೇಕಾಗಿಲ್ಲ. ಹೇಳುವವರು ಹೇಳುವಾಗ ಉಳಿದವರು ಉಸಿರು ತೆಗೆದುಕೊಳ್ಳುತ್ತಾರೆ, ಅವರು ಹೇಳುವಾಗ ಇವರು. ಕುಣಿತವನ್ನೂ ಹಾಗೇ ಹಂಚಿ. ಸಾಲು ಹೇಳುವಾಗ ನಿಂತಲ್ಲೇ ಹೆಜ್ಜೆ, ತಿರುಗಿ ಹೇಳುವಾಗ ಸುತ್ತು ಜರುಗಲಿ.

ನಮ್ಮ ತಂಡದಲ್ಲಿ ಆರು ಜನ. ಹಾರ್ಮೋನಿಯಂ ಇಲ್ಲದ ದಿನವೂ ನಡೆಯುತ್ತದೆ, ತಾಳ ಇಲ್ಲದ ದಿನ ಮಾತ್ರ ಕಷ್ಟ. ಆದ್ದರಿಂದ ಒಂದು ಜೊತೆ ಒಳ್ಳೆ ತಾಳ ಇಟ್ಟುಕೊಳ್ಳಿ.

ಬೀಸುವಕಲ್ಲು:

ಹಾಡಿನ ಬಗ್ಗೆ ನಾನೂ ಒಂದು ಮಾತು ಸೇರಿಸ್ತೀನಿ. ಮನೆಯಲ್ಲಿ ಯಾರಿಗಾದರೂ ಬೀಸುವ ಪದ, ಸೋಬಾನೆ ಪದ ಬರುತ್ತದಾ ಕೇಳಿ. ಎಪ್ಪತ್ತು ದಾಟಿದವರು ಇದ್ದಾರೆ ಅಂದಿರಿ, ಅವರನ್ನೇ ಮೊದಲು ಕೇಳಿ. ನಮ್ಮ ಹೆಂಗಸರ ಪದಗಳಲ್ಲಿ ಜಾಸ್ತಿ ಇರೋದು ತ್ರಿಪದಿ. ಬರೆದರೆ ಮೂರು ಸಾಲು, ಆದರೆ ಹಾಡುವಾಗ ಎರಡನೇ ಸಾಲನ್ನು ತಿರುಗಿ ಹೇಳಿ ನಾಲ್ಕು ಮಾಡಿಕೊಳ್ಳುತ್ತಾರೆ. ಕುಣಿತಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದನೇ ಸಾಲಿಗೆ ಬಲಕ್ಕೆ, ಎರಡನೇ ಸಾಲಿಗೆ ಎಡಕ್ಕೆ, ಅದೇ ಸಾಲು ಮತ್ತೆ ಬಂದಾಗ ಒಳಗೆ ಹೋಗಿ ಹಿಂದಕ್ಕೆ, ಕೊನೇ ಸಾಲಿಗೆ ನಿಂತಲ್ಲೇ ಒಂದು ಸುತ್ತು. ಎಣಿಸುವ ಕೆಲಸವೇ ಬೇಡ, ಸಾಲು ಬದಲಾದಾಗ ಹೆಜ್ಜೆ ಬದಲಾಗುತ್ತದೆ ಅಷ್ಟೇ. ನಮ್ಮ ಅತ್ತೆಗೆ ಎಂಬತ್ತರ ಹತ್ತಿರ, ಒಂದು ಎರಡು ಮೂರು ಅಂತ ಎಣಿಸಿದರೆ ತಲೆ ಕೆಡುತ್ತದೆ ಅಂತಾರೆ, ಪದ ಹೇಳಿದರೆ ಒಂದು ಹೆಜ್ಜೆಯೂ ತಪ್ಪಲ್ಲ.

ಮೊಬೈಲ್ ಹಾಡನ್ನು ದಯವಿಟ್ಟು ಬಿಡಿ. ಅದು ನಿಮಗಾಗಿ ಕಾಯಲ್ಲ. ನೀವೇ ಹಾಡಿದರೆ ಯಾರಾದರೂ ಹಿಂದೆ ಬಿದ್ದಾಗ ಒಂದು ಸಾಲು ಎಳೆದು ಹಾಡಬಹುದು, ಅವರು ಸೇರಿಕೊಂಡ ಮೇಲೆ ಮತ್ತೆ ವೇಗ ಹಿಡಿಯಬಹುದು.

ನಡಿಗೆ:

ನಾನು ಫಿಸಿಯೋಥೆರಪಿ ಕೆಲಸ ಮಾಡೋಳು. ಮಂಡಿ ಆಪರೇಷನ್ ಆದವರು ಮೊದಲು ಅವರ ಡಾಕ್ಟರನ್ನೇ ಕೇಳಬೇಕು. ಯಾವ ಆಪರೇಷನ್, ಎಷ್ಟು ತಿಂಗಳಾಯಿತು ಅನ್ನೋದರ ಮೇಲೆ ಹೋಗುತ್ತದೆ. ಅವರು ಆಗಬಹುದು ಅಂದ ಮೇಲೆ ಕೆಲವು ವಿಷಯ ನೋಡಿಕೊಳ್ಳಿ.

ಮಂಡಿಗೆ ಕಷ್ಟ ಕೊಡೋದು ನಡಿಗೆಯಲ್ಲ, ತಿರುಚೋದು. ಪಾದ ನೆಲಕ್ಕೆ ಅಂಟಿಕೊಂಡಿರುವಾಗ ಮೈ ತಿರುಗಿದರೆ ಪೆಟ್ಟೆಲ್ಲ ಮಂಡಿಗೆ. ಹಾಗಾಗಿ "ತಿರುಗಿ" ಅನ್ನುವ ಮಟ್ಟನ್ನು ಎಲ್ಲರಿಗೂ ನಾಲ್ಕು ಸಣ್ಣ ಹೆಜ್ಜೆಯಲ್ಲಿ ತಿರುಗೋದು ಅಂತಲೇ ಕಲಿಸಿ. ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯೋದು ಯಾರಿಗೂ ಬೇಡ. ಬಗ್ಗಿ ನೆಲದ ಹತ್ತಿರ ಕೋಲು ತಾಗಿಸುವ ಮಟ್ಟು ಇದ್ದರೆ ಅದನ್ನು ಸೊಂಟದ ಎತ್ತರಕ್ಕೆ ತನ್ನಿ. ಕುಪ್ಪಳಿಸೋದು ಬೇಡ, ಗ್ರಾನೈಟ್ ನೆಲದ ಮೇಲಂತೂ ಕಾಲು ಅಪ್ಪಳಿಸಲೇಬೇಡಿ.

ನೆಲದ ಮೇಲೆ ಜಮಖಾನ ಹಾಸಬೇಡಿ, ಮೆತ್ತಗೆ ಇರಲಿ ಅಂತ ಹಾಸ್ತಾರೆ, ಆದರೆ ಟೈಲ್ಸ್ ಮೇಲೆ ಅದು ಜಾರಿ ಬೀಳಿಸುತ್ತದೆ. ಸಾಕ್ಸ್ ಹಾಕಿಕೊಂಡೂ ಬೇಡ, ಬರಿಗಾಲು ಒಳ್ಳೆಯದು. ಸೀರೆಯ ನೆರಿಗೆ ಕಾಲಿಗೆ ಸಿಗದ ಹಾಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಳ್ಳಲಿ. ಗಟ್ಟಿಯಾದ ಕುರ್ಚಿ ಒಂದನ್ನು ಸುತ್ತಿನ ಹೊರಗೆ ಇಡೋ ಬದಲು ಸುತ್ತಿನಲ್ಲೇ ಒಂದು ಜಾಗಕ್ಕೆ ಇಡಿ. ಆ ಕುರ್ಚಿಯಲ್ಲಿ ಕೂತವರ ಕೋಲು ಎರಡೂ ಪಕ್ಕಕ್ಕೆ ತಾಗುತ್ತದೆ, ಆ ಹಾಡಿಗೆ ಸುತ್ತು ಜರುಗದೆ ನಿಂತಲ್ಲೇ ಹೆಜ್ಜೆ ಹಾಕಲಿ. ಸುಸ್ತಾದವರು ಮುಂದಿನ ಹಾಡಿಗೆ ಅಲ್ಲಿ ಕೂರಲಿ. ಹೀಗಿದ್ದರೆ ಒಬ್ಬರೇ "ಕೈಲಾಗದವರು" ಅಂತ ಬೇರೆಯಾಗಿ ಕಾಣಲ್ಲ.

ಕಾಫಿಹೂ:

ನಡುವೆ ಒಬ್ಬರನ್ನು ನಿಲ್ಲಿಸೋದು ಸರಿಯಾ ಅಂತ ಅನುಮಾನ ಇದ್ದರೆ ನಮ್ಮ ಕೊಡಗಿನ ಉಮ್ಮತ್ತಾಟ್ ನೋಡಿ. ಕಾವೇರಮ್ಮನ ಹೆಸರಲ್ಲಿ ಹೆಂಗಸರು ಆಡುವ ಆಟ. ಒಬ್ಬಳು ಕಾವೇರಿಯ ಹಾಗೆ ಕೊಡ ಹಿಡಿದು ನಡುವೆ ನಿಲ್ಲುತ್ತಾಳೆ, ಉಳಿದವರು ಕೈಯಲ್ಲಿ ಹಿತ್ತಾಳೆಯ ತಾಳ ತಟ್ಟುತ್ತಾ, ಬಾಗುತ್ತಾ ಏಳುತ್ತಾ ಅವಳ ಸುತ್ತ ಬರುತ್ತಾರೆ. ನಡುವಿನ ಜಾಗವೇ ಅಲ್ಲಿ ದೊಡ್ಡದು. ಹಾಡು ನಮ್ಮ ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ ಇರುತ್ತದೆ. ಆಟವನ್ನು ಹಾಗೇ ಎತ್ತಿಕೊಳ್ಳಿ ಅಂತ ನಾನು ಹೇಳಲ್ಲ. ಆ ನಿಲುವನ್ನು ಮಾತ್ರ ತೆಗೆದುಕೊಳ್ಳಿ, ನಿಮ್ಮ ಮಂಡಿ ನೋವಿನವರಿಗೆ ಆ ಜಾಗ ಕೊಡಿ.

ಇನ್ನೊಂದು ಮಾತು, ಯಾರಾದರೂ ಕಂಸಾಳೆ, ಡೊಳ್ಳು ಮಾಡೋಣ ಅಂತ ಅಂದರೆ ನಿಧಾನ ಮಾಡಿ. ಕಂಸಾಳೆ ಮಲೆ ಮಹದೇಶ್ವರನ ಗುಡ್ಡರು, ಅಂದರೆ ಆ ದೇವರ ಭಕ್ತರು, ದೀಕ್ಷೆ ತೆಗೆದುಕೊಂಡು ನಡೆಸಿಕೊಂಡು ಬಂದದ್ದು, ಡೊಳ್ಳು ಬೀರೇಶ್ವರನ ಒಕ್ಕಲಿನದು. ಗುರುವಿನ ಹತ್ತಿರ ಕೂತು ಕಲಿಯಬೇಕು. ಹೊಸ ಗುಂಪಿಗೆ ಕೋಲಾಟವೇ ಚೆಂದ.

ತೆಂಗಿನಸೀಮೆ:

ಇವತ್ತು ಭಾನುವಾರ, ಸೇರಿದ್ದೆವು. ನಮ್ಮ ಗುಂಪಿನ ಹಿರಿಯರನ್ನು ಬೀಸುವ ಪದ ಬರುತ್ತದಾ ಅಂತ ಕೇಳಿದೆ. ಮೊದಲು ಇಲ್ಲ ಅಂದರು. ನಡೆಯೋಕೆ ಶುರು ಮಾಡಿದ ಮೇಲೆ ತಾವಾಗೇ ಸೊಲ್ಲೆತ್ತಿದರು, ಒಂದರ ಹಿಂದೆ ಒಂದು ಪದ ಬರುತ್ತಲೇ ಇತ್ತು. ನಾವು ತಿರುಗಿ ಹೇಳುತ್ತಾ ಸುತ್ತು ಬಂದೆವು. ನೋಡ್ತೀವಿ ಅಂದಿದ್ದ ಇಬ್ಬರೂ ಸಾಲಿನಲ್ಲಿದ್ದರು. ಮಂಡಿ ಆಪರೇಷನ್ ಆದವರು ಸದ್ಯಕ್ಕೆ ಕುರ್ಚಿಯಲ್ಲಿ ಕೂತು ತಾಳ ಹಾಕಿದರು, ಬುಧವಾರ ಡಾಕ್ಟರ ಹತ್ತಿರ ಹೋಗ್ತಾರಂತೆ, ಆಗ ಕೇಳಿಕೊಂಡು ಬರ್ತೀನಿ ಅಂದಿದ್ದಾರೆ.

ಈಗ ಕೋಲು ತರಬೇಕು. ಇಲ್ಲಿಯ ಅಂಗಡಿಯಲ್ಲಿ ಸಿಗುವ ದಾಂಡಿಯಾ ಕೋಲು ಬಣ್ಣಬಣ್ಣ ಇದೆ, ಆದರೆ ತುಂಬಾ ಹಗುರ, ಸದ್ದು ಟೊಳ್ಳು. ಎಷ್ಟು ಉದ್ದದ್ದು ತರಲಿ? ಮತ್ತೆ ಗರಡಿಬೀದಿ ಅಣ್ಣ ಹೇಳಿದ ಜಡೆ ಕೋಲಾಟ ನಾಲ್ಕು ಜನರಲ್ಲಿ ಆಗುತ್ತದಾ?

ಗರಡಿಬೀದಿ:

ನಾಲ್ಕು ಜನರಲ್ಲಿ ಜಡೆ ಬೀಳುತ್ತದೆ ಅಕ್ಕ, ಸಮಸಂಖ್ಯೆ ಇದ್ದರೆ ಆಯಿತು. ಇಬ್ಬರು ಬಲಕ್ಕೆ, ಇಬ್ಬರು ಎಡಕ್ಕೆ. ಎದುರಿಗೆ ಬಂದವರನ್ನು ಒಮ್ಮೆ ಒಳಗಿಂದ, ಮುಂದಿನವರನ್ನು ಹೊರಗಿಂದ ದಾಟಬೇಕು. ಹಗ್ಗದ ಬದಲು ಹಳೇ ಸೀರೆಯನ್ನು ಉದ್ದಕ್ಕೆ ಸೀಳಿ ನಾಲ್ಕು ಬಣ್ಣದ ಪಟ್ಟಿ ಮಾಡಿಕೊಳ್ಳಿ, ತಪ್ಪಿದರೆ ಎಲ್ಲಿ ತಪ್ಪಿತು ಅಂತ ಬಣ್ಣದಿಂದ ಗೊತ್ತಾಗುತ್ತದೆ. ಫ್ಯಾನಿನ ಕೊಕ್ಕೆಗೆ ಕಟ್ಟೋದಾದರೆ ಫ್ಯಾನ್ ಇಳಿಸಿ ಕಟ್ಟಿ, ಫ್ಯಾನಿಗೇ ಕಟ್ಟಬೇಡಿ. ಅಂಗಳದಲ್ಲಿ ಮರದ ಕೊಂಬೆ ಸಿಕ್ಕರೆ ಇನ್ನೂ ಒಳ್ಳೆಯದು. ಐದನೆಯವರು ಪದ ಹೇಳಲಿ. ನಿಮ್ಮ ಗುಂಪಿನ ಹಿರಿಯರ ವಿಷಯ ಓದಿ ಬಹಳ ಸಂತೋಷವಾಯಿತು. ಆ ಪದಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ರೆಕಾರ್ಡೂ ಮಾಡಿಕೊಳ್ಳಿ, ತಡ ಮಾಡಬೇಡಿ.

ಕೋಲುಪದ:

ಕೋಲಿನ ಉದ್ದ ಒಂದಡಿಯಿಂದ ಒಂದೂಕಾಲಡಿ ಸಾಕು. ಸಣ್ಣ ಜಾಗದಲ್ಲಿ ಒಂದೂವರೆ ಅಡಿಯದ್ದು ಹಿಡಿದರೆ ಪಕ್ಕದವರ ಮುಖಕ್ಕೆ ಬರುತ್ತದೆ. ದಪ್ಪ ಹೆಬ್ಬೆರಳಿನಷ್ಟು. ಗಟ್ಟಿ ಬಿದಿರು ಆದರೆ ಸದ್ದು ಚೆನ್ನಾಗಿ ಬರುತ್ತದೆ, ಗಿಣ್ಣು ಇರುವ ಕಡೆಯನ್ನು ಕೈಹಿಡಿಗೆ ಬಿಡಿ, ಸಿಬಿರು ಇರದ ಹಾಗೆ ಮರಳುಕಾಗದದಲ್ಲಿ ಉಜ್ಜಿ. ಚನ್ನಪಟ್ಟಣದಲ್ಲಿ ಮರಕ್ಕೆ ಅರಗಿನ ಬಣ್ಣ ಹಾಕಿದ ಕೋಲು ಸಿಗುತ್ತವೆ. ಕೈಗೆ ನುಣುಪು, ತೂಕ ಕಡಿಮೆ, ನಿಮ್ಮ ಹಿರಿಯರಿಗೆ ಅದೇ ಸರಿ. ಆ ಕಡೆ ಹೋದರೆ ದಾರಿಯಲ್ಲೇ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, ಐದೂ ಜನ ಒಂದು ದಿನ ಹೋಗಿ ನೋಡಿ ಬನ್ನಿ.

ಕೊಳ್ಳುವಾಗ ಎರಡೆರಡು ಕೋಲು ತಾಗಿಸಿ ಕೇಳಿ, ಸದ್ದು ಹೊಂದುವ ಜೊತೆಗಳನ್ನೇ ಆರಿಸಿ. ಆರು ಜೊತೆ ತನ್ನಿ, ಐದು ಬೇಡ.